ಬಾವಿ ಈಜು ಸಮುದ್ರಕ್ಕೆ ಸಾಲದು: ಗೋಕರ್ಣದ ಹಾಫ್‌ಮೂನ್, ಪ್ಯಾರಡೈಸ್ ಬೀಚ್‌ಗೆ ಹೊರಡುವ ಮುನ್ನ ಇದನ್ನು ಓದಿ

ವಿಜಯಪುರ: ಸೊಲ್ಲಾಪುರದ ಕಡೆಯಿಂದ ಬಂದು ವಿಜಯಪುರ ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 52 ಎಲ್ಲಿಗೆ ಹೋಗಿ ಮುಗಿಯುತ್ತದೆ ಅಂತ ಕೇಳಿದರೆ ಬಹಳ ಮಂದಿ ಹುಬ್ಬಳ್ಳಿ ಅಂತಾರೆ. ಆದರೆ ಆ ರಸ್ತೆ ಕೊಲ್ಹಾರದ ಹತ್ತಿರ ಕೃಷ್ಣಾ ಹೊಳೆ ದಾಟಿ, ನರಗುಂದ, ನವಲಗುಂದ, ಹುಬ್ಬಳ್ಳಿ, ಯಲ್ಲಾಪುರ ಹಿಡಿದು, ಅರಬೈಲ್ ಘಟ್ಟ ಇಳಿದು ಅಂಕೋಲಾ ಹತ್ತಿರ ಕರಾವಳಿ ಮುಟ್ಟುತ್ತದೆ. ಅಲ್ಲಿಂದ ಗೋಕರ್ಣ ಒಂದು ತಾಸಿನ ಒಳಗಿನ ದಾರಿ. ವಿಜಯಪುರದಿಂದ ಒಟ್ಟು ಸುಮಾರು 350 ಕಿಲೋಮೀಟರ್.

ಹೀಗಾಗಿ ರಾತ್ರಿ ಊಟ ಮುಗಿಸಿ ಕ್ರೂಸರ್ ಅಥವಾ ಟಿಟಿ ಹತ್ತಿದರೆ ಬೆಳಗಾಗುವುದರೊಳಗೆ ಸಮುದ್ರ. ದ್ರಾಕ್ಷಿ ಕಟಾವು ಮುಗಿದು ಒಣದ್ರಾಕ್ಷಿ ಶೆಡ್ ಖಾಲಿಯಾದ ಮೇಲೆ ತಿಕೋಟಾ ಕಡೆಯವರು ಹೋಗ್ತಾರೆ. ಡಿಸೆಂಬರ್-ಜನವರಿಯಲ್ಲಿ ಶಾಲೆ ಟ್ರಿಪ್ ಹೋಗ್ತವೆ. ಅಂಗಡಿ ಹುಡುಗರು ಎರಡು ದಿನ ರಜೆ ಸಿಕ್ಕರೆ ಸಾಕು, ಬೈಕ್ ಮೇಲೇ ಹೊರಡ್ತಾರೆ. ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ದಾರಿಯಲ್ಲಿ ಕೊಲ್ಹಾರದ ಮೊಸರು. ಗೋಕರ್ಣದ ಮಹಾಬಲೇಶ್ವರನ ದರ್ಶನ, ಆಮೇಲೆ ಮುರುಡೇಶ್ವರ, ನಡುವೆ ಒಂದಿಷ್ಟು ಹೊತ್ತು ನೀರಾಟ.

ಈ ನೀರಾಟದ ಹೊತ್ತೇ ಅಪಾಯದ ಹೊತ್ತು.

2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಏನಾಯಿತು ಅನ್ನೋದು ಇನ್ನೂ ಬಹಳ ಜನರ ನೆನಪಿನಲ್ಲಿದೆ. ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ಮಕ್ಕಳು ಪ್ರವಾಸಕ್ಕೆ ಬಂದಿದ್ದರು. ನೀರಿಗೆ ಇಳಿದವರಲ್ಲಿ ನಾಲ್ವರು ಹುಡುಗಿಯರು ಸೆಳವಿಗೆ ಸಿಕ್ಕು ತೀರಿಕೊಂಡರು. ಮೂವರನ್ನು ಬದುಕಿಸಿ ತರಲಾಯಿತು. ಆಮೇಲೆ ಕೆಲವು ದಿನ ಆ ಬೀಚ್‌ಗೆ ಪ್ರವಾಸಿಗರನ್ನೇ ಬಿಡಲಿಲ್ಲ. ಕೋಲಾರದ ಹಾಗೆಯೇ ವಿಜಯಪುರಕ್ಕೂ ಸಮುದ್ರವಿಲ್ಲ. ಅಲ್ಲಿನ ಶಾಲೆ ಮಾಡಿದಂಥದ್ದೇ ಟ್ರಿಪ್ ಈ ಜಿಲ್ಲೆಯ ಶಾಲೆಗಳೂ ಮಾಡ್ತವೆ.

ಮುರುಡೇಶ್ವರದಲ್ಲಿ ರಸ್ತೆ ಇದೆ, ಜನ ಇದ್ದಾರೆ, ದೋಣಿ ಇವೆ, ಆಸ್ಪತ್ರೆಗೆ ಹೋಗಲು ದಾರಿ ಇದೆ. ಅಲ್ಲೇ ಹೀಗಾದರೆ, ಯಾವ ರಸ್ತೆಯೂ ಇಲ್ಲದ, ರೀಲ್ಸ್ ನೋಡಿ ಹುಡುಗರು ಹುಡುಕಿಕೊಂಡು ಹೋಗುವ ಗೋಕರ್ಣದ ಹಾಫ್‌ಮೂನ್ ಮತ್ತು ಪ್ಯಾರಡೈಸ್ ಬೀಚ್‌ಗಳ ಕಥೆ ಏನು?

ಐದು ಬೀಚ್, ಒಂದೇ ಸಾಲು

ಗೋಕರ್ಣ ಊರಿನ ಎದುರಿಗೆ ಇರುವುದು ಮುಖ್ಯ ಬೀಚ್. ಉದ್ದಕ್ಕೆ ನೇರವಾಗಿ ಹಾಸಿದ ಮರಳು. ಅದರ ದಕ್ಷಿಣಕ್ಕೆ ಒಂದು ಗುಡ್ಡ ಸಮುದ್ರದೊಳಗೆ ಚಾಚಿಕೊಂಡಿದೆ. ಗುಡ್ಡ ದಾಟಿದರೆ ಕುಡ್ಲೆ ಬೀಚ್. ಮತ್ತೊಂದು ಗುಡ್ಡ, ಆಮೇಲೆ ಓಂ ಬೀಚ್. ಎರಡು ಅರ್ಧವೃತ್ತದ ಮರಳು, ನಡುವೆ ಕಲ್ಲಿನ ಚಾಚು. ಮೇಲಿಂದ ನೋಡಿದರೆ ಓಂ ಅಕ್ಷರದ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು. ಓಂ ಬೀಚ್ ಮೇಲಿನವರೆಗೆ ಗಾಡಿ ಹೋಗುತ್ತದೆ, ಅಲ್ಲಿಂದ ಮೆಟ್ಟಿಲು ಇಳಿಯಬೇಕು.

ಓಂ ಬೀಚ್ ಆಚೆಗೆ ಗಾಡಿ ರಸ್ತೆ ಇಲ್ಲ. ಗುಡ್ಡದ ಅಂಚಿನ ಕಾಲುದಾರಿ ಹಿಡಿದು 20-30 ನಿಮಿಷ ನಡೆದರೆ ಹಾಫ್‌ಮೂನ್ ಬೀಚ್. ಹೆಸರಿಗೆ ತಕ್ಕ ಹಾಗೆ ಸಣ್ಣ ಅರ್ಧಚಂದ್ರ. ಅಲ್ಲಿಂದ ಮತ್ತೆ ಕಲ್ಲು, ಏರು, ಇಳಿಜಾರು ದಾಟಿ ಹೆಚ್ಚುಕಡಿಮೆ ಅಷ್ಟೇ ಹೊತ್ತು ನಡೆದರೆ ಪ್ಯಾರಡೈಸ್ ಬೀಚ್. ಅದರಲ್ಲಿ ಬಹುಪಾಲು ಕಲ್ಲೇ, ನಡುವೆ ಸಣ್ಣ ಮರಳಿನ ಪಟ್ಟಿ. ನಡೆಯಲು ಆಗದವರು ಓಂ ಬೀಚ್‌ನಿಂದ ದೋಣಿಯಲ್ಲಿ ಹೋಗ್ತಾರೆ. ಮಳೆಗಾಲದಲ್ಲಿ ಸಮುದ್ರ ಎದ್ದಾಗ ದೋಣಿಯೂ ಇರುವುದಿಲ್ಲ.

ಈ ಸಾಲಿನ ಉತ್ತರಕ್ಕೆ ಗಂಗಾವಳಿ ನದಿ ಸಮುದ್ರ ಸೇರುತ್ತದೆ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದಾಗ ಎಲ್ಲರ ಮೊಬೈಲಿನಲ್ಲೂ ಕಂಡ ಹೊಳೆ ಅದೇ. ದಕ್ಷಿಣಕ್ಕೆ ತದಡಿ ಹತ್ತಿರ ಅಘನಾಶಿನಿ ನದಿ ಸೇರುತ್ತದೆ. ಎರಡು ನದಿ ಬಾಯಿಗಳ ನಡುವೆ ಗುಡ್ಡ, ಮರಳು, ಗುಡ್ಡ, ಮರಳು ಅಂತ ಒಂದಾದ ಮೇಲೊಂದು. ಈ ರಚನೆ ಅರ್ಥವಾದರೆ ಅಪಾಯ ಎಲ್ಲಿದೆ ಅನ್ನೋದು ತಾನಾಗೇ ಅರ್ಥವಾಗುತ್ತದೆ.

ಗುಡ್ಡ ಗಟ್ಟಿ, ಮರಳು ಅಲೆಮಾರಿ

ವಿಜಯಪುರದ ನೆಲದ ಕೆಳಗೆ ಇರುವುದು ಲಾವಾ ಆರಿ ಆದ ಕರಿಕಲ್ಲು. ಗೋಕರ್ಣದ ಗುಡ್ಡಗಳ ತಲೆಯ ಮೇಲೆ ಇರುವುದು ಕೆಂಪು ಬಣ್ಣದ, ತೂತು ತೂತಾದ ಮುರಕಲ್ಲು. ಕರಾವಳಿಯಲ್ಲಿ ಅದನ್ನು ಕೊಯ್ದು ಇಟ್ಟಿಗೆಯ ಹಾಗೆ ಮನೆ ಕಟ್ಟಲು ಬಳಸ್ತಾರೆ. ಅದರ ಕೆಳಗೆ, ನೀರಿನ ಮಟ್ಟದಲ್ಲಿ, ಇನ್ನೂ ಗಟ್ಟಿಯಾದ ಕಪ್ಪು ಬಂಡೆ. ಅಲೆ ಸಾವಿರಾರು ವರ್ಷ ಬಡಿದರೂ ಗಟ್ಟಿ ಕಲ್ಲು ನಿಂತಿದೆ, ಮೆತ್ತಗಿನ ಜಾಗ ಕೊರೆದು ಒಳಗೆ ಹೋಗಿದೆ. ಆ ಕೊರೆದ ಜಾಗದಲ್ಲಿ ಮರಳು ಬಂದು ಕೂತಿದೆ. ಜೇಬಿನ ಹಾಗೆ ಎರಡು ಕಲ್ಲಿನ ನಡುವೆ ಸಿಕ್ಕ ಇಂಥ ಸಣ್ಣ ಬೀಚ್‌ಗಳೇ ಕುಡ್ಲೆ, ಓಂ, ಹಾಫ್‌ಮೂನ್.

ಕಲ್ಲು ಅಲ್ಲೇ ಇರುತ್ತದೆ. ಮರಳು ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. ಮಳೆಗಾಲದ ದೊಡ್ಡ ಅಲೆ ದಂಡೆಯ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲಿ ನೀರಿನೊಳಗೆ ದಿಬ್ಬ ಮಾಡಿ ಇಡುತ್ತದೆ. ಮಳೆ ಮುಗಿದ ಮೇಲೆ ಸಣ್ಣ ಅಲೆ ಅದನ್ನೇ ನಿಧಾನಕ್ಕೆ ವಾಪಸ್ ದಂಡೆಗೆ ತರುತ್ತದೆ. ಅಂದರೆ ಹೋದ ವರ್ಷ ಡಿಸೆಂಬರ್‌ನಲ್ಲಿ ಎದೆಮಟ್ಟದ ನೀರಿದ್ದ ಜಾಗ ಈ ವರ್ಷ ಅಕ್ಟೋಬರ್‌ನಲ್ಲಿ ಆಳವಾಗಿರಬಹುದು. "ನಾವು ಹೋದ ಸಲ ಇಲ್ಲೇ ಆಡಿದ್ವಿ" ಅನ್ನೋ ಮಾತಿಗೆ ಸಮುದ್ರದಲ್ಲಿ ಬೆಲೆ ಇಲ್ಲ.

ಬಾವಿ ಬೇರೆ, ಸಮುದ್ರ ಬೇರೆ

ಈ ಭಾಗದ ಹುಡುಗರು ಈಜು ಕಲಿಯುವುದು ಬಾವಿಯಲ್ಲಿ, ಕೃಷಿ ಹೊಂಡದಲ್ಲಿ, ಕಾಲುವೆಯಲ್ಲಿ. ಸೊಂಟಕ್ಕೆ ಬೆಂಡು ಇಲ್ಲವೇ ಖಾಲಿ ಕ್ಯಾನ್ ಕಟ್ಟಿ ಅಪ್ಪನೋ ಕಾಕಾನೋ ನೀರಿಗೆ ತಳ್ತಾರೆ. ನಾಲ್ಕು ದಿನಕ್ಕೆ ಹುಡುಗ ಈಜ್ತಾನೆ. ಆಮೇಲೆ "ನಮ್ಮ ಹುಡುಗ ಎಂಥಾ ಬಾವಿಗೂ ಮ್ಯಾಲಿಂದ ಜಿಗೀತಾನ" ಅಂತ ಮನೆಯವರಿಗೆ ಧೈರ್ಯ.

ಆ ಧೈರ್ಯ ಬಾವಿಗೆ ಸರಿ. ಬಾವಿ ನೀರು ನಿಂತ ನೀರು. ಗೋಡೆ ಎಲ್ಲಿದೆ, ಮೆಟ್ಟಿಲು ಎಲ್ಲಿದೆ ಗೊತ್ತು. ಹತ್ತು ಸಲ ಕೈ ಬೀಸಿದರೆ ಅಂಚು ಸಿಗುತ್ತದೆ. ದಣಿದರೆ ಕಲ್ಲು ಹಿಡಿದು ನಿಲ್ಲಬಹುದು. ಸಮುದ್ರದಲ್ಲಿ ಹಿಡಿಯಲು ಏನೂ ಇಲ್ಲ, ನೀರು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಉಪ್ಪು ನೀರು ದೇಹವನ್ನು ಸ್ವಲ್ಪ ಹೆಚ್ಚು ತೇಲಿಸುತ್ತದೆ ಅನ್ನೋದು ನಿಜ. ಆದರೆ ಅಲೆ ಮುಖಕ್ಕೆ ಬಡಿದು ಬಾಯಿ-ಮೂಗಿಗೆ ಉಪ್ಪು ನೀರು ಹೊಕ್ಕಾಗ ಉಸಿರು ತಪ್ಪುತ್ತದೆ. ಉಸಿರು ತಪ್ಪಿದವನಿಗೆ ಈಜು ಮರೆತು ಹೋಗುತ್ತದೆ.

ಇನ್ನು ನೀರಿನ ತೂಕ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಸಮುದ್ರದ ನೀರು ಹತ್ತು ಕ್ವಿಂಟಲ್‌ಗಿಂತ ಹೆಚ್ಚು ತೂಗುತ್ತದೆ. ಎಪಿಎಂಸಿ ವ್ಯಾಪಾರಿಗಳ ಲೆಕ್ಕದಲ್ಲಿ ಹೇಳುವುದಾದರೆ 50 ಕೆ.ಜಿ.ಯ 20 ಚೀಲ. ಸೊಂಟದೆತ್ತರದ ಅಲೆ ಬಂದು ತಾಗಿದರೆ ಅಂಥಾ ಚೀಲಗಳ ರಾಶಿ ಓಡಿ ಬಂದು ತಾಗಿದ ಹಾಗೆ. ಗಟ್ಟಿಮುಟ್ಟಾದ ಆಳನ್ನೂ ಅದು ಕೆಡವುತ್ತದೆ.

ಅಲೆ ಮುಂದೆ ಬರುವಾಗ ತಳ್ಳುತ್ತದೆ, ಹಿಂದೆ ಹೋಗುವಾಗ ಕಾಲಡಿಯ ಮರಳನ್ನು ಕಿತ್ತುಕೊಂಡು ಹೋಗುತ್ತದೆ. ಮೊಣಕಾಲುದ್ದದ ನೀರಿನಲ್ಲಿ ನಿಂತವರು ಬೀಳುವುದು ಹೀಗೆ. ಸೀರೆ, ಲಂಗ, ಜೀನ್ಸ್ ಪ್ಯಾಂಟ್ ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡರೆ ಏಳುವುದು ಇನ್ನೂ ಕಷ್ಟ. ಮನೆಮಂದಿಯೆಲ್ಲ ಸಾಲಾಗಿ ಕೈ ಹಿಡಿದು ನಿಂತರೆ ಗಟ್ಟಿ ಅಂತ ಅಂದುಕೊಳ್ತಾರೆ. ಆದರೆ ಒಬ್ಬರು ಬಿದ್ದರೆ ಪಕ್ಕದವರನ್ನೂ ಎಳೆದುಕೊಂಡೇ ಬೀಳ್ತಾರೆ.

ದಂಡೆ ಕಡಿದಾಗಿದ್ದರೆ ಇನ್ನಷ್ಟು ಎಚ್ಚರ ಬೇಕು. ಇಳಿಜಾರು ಕಡಿಮೆ ಇರುವ ಬೀಚ್‌ನಲ್ಲಿ ಅಲೆ ದೂರದಲ್ಲೇ ಒಡೆದು, ಶಕ್ತಿ ಕಳೆದುಕೊಂಡು ಬರುತ್ತದೆ. ಕಡಿದಾದ ಕಡೆ ಅಲೆ ನೇರವಾಗಿ ದಂಡೆಯ ಮೇಲೇ ಬಂದು ಅಪ್ಪಳಿಸುತ್ತದೆ. ಎರಡು ಹೆಜ್ಜೆ ಮುಂದೆ ಇಟ್ಟರೆ ಆಳ. ಇಂಥ ಕಡೆ ಅಲೆಗೆ ಸಿಕ್ಕು ತಲೆಕೆಳಗಾಗಿ ಬಿದ್ದು ಕುತ್ತಿಗೆಗೆ ಪೆಟ್ಟಾಗಬಹುದು.

ಒಡ್ಡು ಒಡೆದ ಹೊಲದ ಲೆಕ್ಕ

ಸಮುದ್ರದಲ್ಲಿ ಜನರನ್ನು ಒಳಗೆ ಎಳೆಯುವುದು ಯಾವುದು? ಕೆಲವರು ಸುಳಿ ಅಂತಾರೆ, ಕೆಲವರು ಕೆಳಗಿನಿಂದ ಕಾಲು ಹಿಡಿದು ಜಗ್ಗುತ್ತದೆ ಅಂತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ರಿಪ್ ಕರೆಂಟ್ ಅನ್ನುತ್ತಾರೆ. ಹೊಳೆ ದಂಡೆಯ ಜನ ಬಳಸುವ "ಸೆಳವು" ಅನ್ನೋ ಮಾತೇ ಇದಕ್ಕೂ ಸರಿಹೋಗುತ್ತದೆ.

ಇದು ಹೇಗೆ ಹುಟ್ಟುತ್ತದೆ ಅನ್ನೋದು ರೈತರಿಗೆ ಬೇಗ ತಿಳಿಯುತ್ತದೆ. ದೊಡ್ಡ ಮಳೆ ಬಂದಾಗ ಹೊಲದಲ್ಲಿ ನೀರು ನಿಲ್ಲುತ್ತದೆ. ಸುತ್ತ ಒಡ್ಡು ಇರುತ್ತದೆ. ಒಡ್ಡು ಎಲ್ಲೋ ಒಂದು ಕಡೆ ಒಡೆದರೆ ಇಡೀ ಹೊಲದ ನೀರು ಆ ಒಂದೇ ಕಂಡಿಯಿಂದ ನುಗ್ಗುತ್ತದೆ. ಹೊಲದ ನಡುವೆ ನೀರು ಸುಮ್ಮನಿರುತ್ತದೆ, ಕಂಡಿಯಲ್ಲಿ ಮಾತ್ರ ರಭಸ.

ಸಮುದ್ರದಲ್ಲೂ ಅದೇ. ದಂಡೆಯಿಂದ ಸ್ವಲ್ಪ ದೂರದಲ್ಲಿ ನೀರಿನೊಳಗಿನ ಮರಳು ದಿಬ್ಬವೇ ಒಡ್ಡು. ಅಲೆಗಳು ಒಡ್ಡಿನ ಮೇಲಿಂದ ಹಾರಿ ನೀರನ್ನು ದಂಡೆಯ ಕಡೆ ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ವಾಪಸ್ ಹೋಗಲೇಬೇಕು. ಒಡ್ಡು ತಗ್ಗಾದ ಕಡೆ, ಕಂಡಿ ಇರುವ ಕಡೆ ಎಲ್ಲ ನೀರೂ ಸೇರಿ ಸಮುದ್ರದ ಕಡೆ ಓಡುತ್ತದೆ. ಆ ಕಂಡಿಯಲ್ಲಿ ನಿಂತವರನ್ನು ನೀರು ಹೊತ್ತೊಯ್ಯುತ್ತದೆ.

ಸಾಮಾನ್ಯ ಸೆಳವು ಸೆಕೆಂಡಿಗೆ ಒಂದೆರಡು ಅಡಿ ಓಡುತ್ತದೆ. ಕೇಳಲು ಕಡಿಮೆ ಅನಿಸುತ್ತದೆ. ಆದರೆ ಸೆಕೆಂಡಿಗೆ ಎರಡು ಅಡಿ ಅಂದರೆ ಒಂದು ನಿಮಿಷಕ್ಕೆ 120 ಅಡಿ. ಮೊಬೈಲಿನಲ್ಲಿ ಒಂದು ರೀಲ್ ನೋಡಿ ಮುಗಿಸುವುದರೊಳಗೆ ಮಗು ಕೈಗೆ ಸಿಗದಷ್ಟು ದೂರ ಹೋಗಿರುತ್ತದೆ. ಜೋರಾದಾಗ ಸೆಕೆಂಡಿಗೆ 8 ಅಡಿವರೆಗೂ ಅಳತೆ ಸಿಕ್ಕಿದೆ. ಅದರ ಎದುರು ಒಲಿಂಪಿಕ್ಸ್ ಈಜುಗಾರನೂ ಈಜಲಾರ.

ಇಲ್ಲಿ ಬಹಳ ಜನ ತಪ್ಪು ತಿಳಿದುಕೊಂಡಿರುವ ವಿಷಯ ಒಂದಿದೆ. ಸೆಳವು ಕೆಳಗೆ ಎಳೆಯುವುದಿಲ್ಲ, ಒಳಗೆ ಎಳೆಯುತ್ತದೆ. ದಂಡೆಯಿಂದ ದೂರ ಕರೆದುಕೊಂಡು ಹೋಗುತ್ತದೆ, ಅಷ್ಟೇ. ಜನ ಮುಳುಗುವುದು ಹೆದರಿ, ಎದುರು ಈಜಿ, ಕೈ ಸೋತಾಗ.

ಶಾಂತ ಕಂಡ ಜಾಗವೇ ಮೋಸ

ನೀರಿಗೆ ಹೆದರುವವರು ಏನು ಮಾಡ್ತಾರೆ? ಬಿಳಿ ನೊರೆ ಎದ್ದು ಅಲೆ ಒಡೆಯುವ ಕಡೆ ಬಿಟ್ಟು, ಅಲೆ ಇಲ್ಲದ ಶಾಂತ ಜಾಗ ಹುಡುಕಿ ಇಳೀತಾರೆ. ಮಕ್ಕಳನ್ನೂ ಅಲ್ಲೇ ಇಳಿಸ್ತಾರೆ. ಬಹಳ ಸಲ ಕಂಡಿ ಇರುವುದು ಅಲ್ಲೇ. ಆಳ ಇದ್ದುದರಿಂದ ಅಲೆ ಒಡೆಯುವುದಿಲ್ಲ, ಒಡೆಯದೇ ಇದ್ದುದರಿಂದ ಶಾಂತ ಕಾಣುತ್ತದೆ.

ಗುರುತು ಹಿಡಿಯುವುದು ಹೀಗೆ:

- ಎರಡೂ ಕಡೆ ಬಿಳಿ ನೊರೆ ಇದ್ದು ನಡುವೆ ಕಪ್ಪಾಗಿ, ನುಣುಪಾಗಿ ಕಾಣುವ ಪಟ್ಟಿ.
- ನೊರೆ, ಕಸ, ಎಲೆ ದಂಡೆಗೆ ಬಾರದೆ ಒಳಗೆ ತೇಲಿ ಹೋಗುತ್ತಿರುವ ಜಾಗ.
- ಮರಳು ಕಲಸಿ ರಾಡಿಯಾದ ನೀರು ಸಮುದ್ರದ ಕಡೆ ನಾಲಿಗೆಯ ಹಾಗೆ ಚಾಚಿರುವುದು.

ನೀರಿನ ಮಟ್ಟದಲ್ಲಿ ನಿಂತರೆ ಇದು ಸರಿಯಾಗಿ ಕಾಣುವುದಿಲ್ಲ, ಎತ್ತರದಿಂದ ಕಾಣುತ್ತದೆ. ಗೋಕರ್ಣದಲ್ಲಿ ಈ ಒಂದು ಅನುಕೂಲ ಇದೆ. ಕುಡ್ಲೆ, ಓಂ, ಹಾಫ್‌ಮೂನ್ ಎಲ್ಲಕ್ಕೂ ಗುಡ್ಡದ ಮೇಲಿಂದಲೇ ಇಳಿಯಬೇಕು. ಇಳಿಯುವ ಮೊದಲು ಹತ್ತು ನಿಮಿಷ ಮೇಲೇ ನಿಂತು ನೀರು ನೋಡಿದರೆ ಅರ್ಧ ಅಪಾಯ ಅಲ್ಲೇ ಗೊತ್ತಾಗುತ್ತದೆ. ಹತ್ತು ನಿಮಿಷ ಯಾಕೆ ಅಂದರೆ ಅಲೆಗಳು ಗುಂಪಾಗಿ ಬರುತ್ತವೆ. ಒಂದಿಷ್ಟು ಹೊತ್ತು ಸಣ್ಣ ಅಲೆ, ಆಮೇಲೆ ಒಮ್ಮೆಲೇ ನಾಲ್ಕಾರು ದೊಡ್ಡವು. ಎರಡು ನಿಮಿಷ ನೋಡಿ ಇಳಿದವರು ಆ ದೊಡ್ಡವನ್ನು ನೋಡಿರುವುದಿಲ್ಲ.

ಕಲ್ಲಿನ ಪಕ್ಕ ಕಾಯಂ ಸೆಳವು

ಮರಳು ದಿಬ್ಬದ ಕಂಡಿ ಜಾಗ ಬದಲಿಸುತ್ತದೆ. ಆದರೆ ಬೀಚ್‌ನ ಎರಡೂ ತುದಿಯಲ್ಲಿ, ಮರಳು ಮುಗಿದು ಕಲ್ಲು ಶುರುವಾಗುವ ಕಡೆ, ಸೆಳವಿಗೆ ಹೆಚ್ಚುಕಡಿಮೆ ಕಾಯಂ ಜಾಗ. ದಂಡೆಯ ಉದ್ದಕ್ಕೂ ಹರಿದು ಬಂದ ನೀರಿಗೆ ಕಲ್ಲು ಅಡ್ಡ ಬಂದರೆ ಅದು ಕಲ್ಲಿನ ಗುಂಟ ಸಮುದ್ರದ ಕಡೆ ತಿರುಗುತ್ತದೆ. ದೊಡ್ಡ ಬೀಚ್‌ನಲ್ಲಿ ಕಲ್ಲಿನಿಂದ ದೂರ ಹೋಗಲು ಜಾಗ ಇರುತ್ತದೆ. ಹಾಫ್‌ಮೂನ್, ಪ್ಯಾರಡೈಸ್‌ನಂಥ ಸಣ್ಣ ಬೀಚ್‌ನಲ್ಲಿ ಎಲ್ಲಿ ನಿಂತರೂ ಕಲ್ಲು ಹತ್ತಿರವೇ. ಓಂ ಬೀಚ್‌ನಲ್ಲಂತೂ ನಡುವೆಯೂ ಕಲ್ಲಿದೆ.

ಸೆಳವು ಒಂದು ಕಡೆಗೆ, ಅಲೆ ಕಲ್ಲಿಗೆ ಬಡಿಯುವುದು ಇನ್ನೊಂದು ಕಡೆಗೆ. ನೀರಿನಲ್ಲಿದ್ದವನನ್ನು ಅಲೆ ಎತ್ತಿ ಕಲ್ಲಿಗೆ ಒಗೆಯಬಹುದು. ಕಲ್ಲಿಗೆ ಅಂಟಿದ ಚಿಪ್ಪುಗಳು ಬ್ಲೇಡಿನ ಹಾಗೆ ಕೊಯ್ಯುತ್ತವೆ. ಭರತ ಬಂದಾಗ ಎಷ್ಟೋ ಬಂಡೆ ನೀರಿನಡಿ ಮುಚ್ಚಿಹೋಗುತ್ತವೆ, ಕಾಣುವುದಿಲ್ಲ. ಬಾವಿಗೆ ಜಿಗಿಯುವ ರೂಢಿಯಲ್ಲಿ ಇಲ್ಲಿ ಕಲ್ಲಿನ ಮೇಲಿಂದ ಜಿಗಿದರೆ ಕೆಳಗೆ ಏನಿದೆ ಅಂತ ಹೇಳುವವರು ಯಾರೂ ಇಲ್ಲ.

ನೀರಿಗೆ ಇಳಿಯದೇ ಕಲ್ಲಿನ ತುದಿಯಲ್ಲಿ ಸೆಲ್ಫಿಗೆ ನಿಲ್ಲುವುದೂ ಅಷ್ಟೇ ಅಪಾಯ. ಕಲ್ಲು ಒದ್ದೆಯಾಗಿದ್ದರೆ, ಪಾಚಿ ಇದ್ದರೆ, ಅಲೆ ಅಲ್ಲಿಯವರೆಗೆ ಬರುತ್ತದೆ ಅಂತಲೇ ಅರ್ಥ. ಈಗ ಬರುತ್ತಿಲ್ಲ ಅಂದರೆ ಇನ್ನೈದು ನಿಮಿಷಕ್ಕೆ ಬರಬಹುದು. ಒಣಗಿದ ಕಲ್ಲಿನ ಮೇಲೆ, ಅಂಚಿನಿಂದ ದೂರ ನಿಲ್ಲಬೇಕು, ಸಮುದ್ರಕ್ಕೆ ಬೆನ್ನು ಹಾಕಬಾರದು.

ಭರತ-ಇಳಿತ: ಕೆರೆಯಲ್ಲಿ ಇಲ್ಲದ ಲೆಕ್ಕ

ಮಮದಾಪುರ ಕೆರೆಯ ನೀರು ಬೆಳಿಗ್ಗೆ ಎಷ್ಟಿತ್ತೋ ಸಂಜೆಯೂ ಅಷ್ಟೇ ಇರುತ್ತದೆ. ಸಮುದ್ರ ಹಾಗಲ್ಲ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಏರಿನಿಂದ ಇಳಿತಕ್ಕೆ ಆರು ತಾಸಿಗಿಂತ ಸ್ವಲ್ಪ ಹೆಚ್ಚು. ಪ್ರತಿದಿನ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಉತ್ತರ ಕನ್ನಡದ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರು-ಇಳಿತದ ನಡುವಿನ ಅಂತರ ಒಂದೂವರೆ ಮೀಟರ್ ದಾಟುತ್ತದೆ. ಅಂದರೆ ಬೆಳಿಗ್ಗೆ ಮೊಣಕಾಲಿಗೆ ಇದ್ದ ನೀರು ಮಧ್ಯಾಹ್ನ ತಲೆ ಮುಳುಗಿಸಬಹುದು.

ಕಾಲುದಾರಿಯ ಬೀಚ್‌ಗಳಿಗೆ ಇದು ಇನ್ನೂ ಮುಖ್ಯ. ಇಳಿತದ ಹೊತ್ತಿಗೆ ಕಲ್ಲಿನ ಮೇಲೆ ಆರಾಮಾಗಿ ದಾಟಿ ಹೋದವರು ಭರತದ ಹೊತ್ತಿಗೆ ವಾಪಸ್ ಬಂದರೆ ಅದೇ ಕಲ್ಲು ಒದ್ದೆಯಾಗಿ ಜಾರುತ್ತಿರುತ್ತದೆ, ಅಲೆ ಬಡಿಯುತ್ತಿರುತ್ತದೆ. ಜೊತೆಗೆ ಕತ್ತಲಾದರೆ ಕಷ್ಟ ಎರಡು ಪಟ್ಟು. ಅಮಾವಾಸ್ಯೆ-ಹುಣ್ಣಿಮೆ ನೋಡಿ ದೇವರ ದರ್ಶನಕ್ಕೆ ಹೊರಡುವ ಮನೆಗಳು ಈ ಜಿಲ್ಲೆಯಲ್ಲಿ ಬಹಳ. ಆ ದಿನಗಳಲ್ಲೇ ಸಮುದ್ರದ ಏರಿಳಿತ ಹೆಚ್ಚು ಅನ್ನೋದು ಗಮನದಲ್ಲಿರಲಿ.

ಮಳೆಗಾಲದಲ್ಲಿ ಬೇಡವೇ ಬೇಡ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಬೇರೆಯದೇ ಸಮುದ್ರ. ಮೂರು-ನಾಲ್ಕು ಮೀಟರ್ ಎತ್ತರದ ಅಲೆ ಸಾಮಾನ್ಯ. ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಮೀನು ಮರಿ ಮಾಡುವ ಕಾಲ ಅನ್ನೋದು ಅದಕ್ಕೆ ಮುಖ್ಯ ಕಾರಣ, ಸಮುದ್ರದ ಅಬ್ಬರವೂ ಅದೇ ಹೊತ್ತಿಗೆ. ಹುಟ್ಟಿದಾಗಿನಿಂದ ಸಮುದ್ರ ನೋಡಿದವರ ದೋಣಿಯೇ ದಂಡೆಯ ಮೇಲೆ ಇರುವಾಗ, ವರ್ಷಕ್ಕೊಮ್ಮೆ ನೋಡುವವರು ನೀರಿಗೆ ಇಳಿಯುವುದು ಯಾವ ಧೈರ್ಯ?

ಮಳೆಗಾಲದಲ್ಲಿ ನದಿ ಬಾಯಿಯ ಹತ್ತಿರ ಇನ್ನೊಂದು ತೊಂದರೆ. ಗಂಗಾವಳಿ ಅಂದರೆ ಹುಬ್ಬಳ್ಳಿ-ಧಾರವಾಡದ ಕಡೆ ಹುಟ್ಟಿ ಬರುವ ಬೇಡ್ತಿ ಹೊಳೆಯೇ. ಅಲ್ಲಿ ಮಳೆಯಾದರೆ ಆ ನೀರು ಗೋಕರ್ಣದ ಉತ್ತರದಲ್ಲಿ ರಭಸವಾಗಿ ಸಮುದ್ರಕ್ಕೆ ನುಗ್ಗುತ್ತದೆ. ಇಳಿತದ ಹೊತ್ತಿಗೆ ನದಿ ನೀರು, ಸಮುದ್ರದ ನೀರು ಎರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ. ನದಿ ಬಾಯಿಯಲ್ಲಿ ಯಾವ ಕಾಲದಲ್ಲೂ ಈಜಬಾರದು.

ಬೇಸಿಗೆಯಲ್ಲಿ ಆಕಾಶ ತಿಳಿಯಾಗಿದ್ದು, ಗಾಳಿ ಇಲ್ಲದಿದ್ದರೂ ಕೆಲವೊಮ್ಮೆ ದೊಡ್ಡ ಅಲೆ ಬರುತ್ತವೆ. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ಅವು. ಹೈದರಾಬಾದ್‌ನಲ್ಲಿರುವ ಕೇಂದ್ರ ಸರ್ಕಾರದ ಇನ್‌ಕಾಯ್ಸ್ ಸಂಸ್ಥೆ ಇಂಥ ದೊಡ್ಡ ಅಲೆಗಳ ಮುನ್ಸೂಚನೆ ಕೊಡುತ್ತದೆ. ಹೊರಡುವ ಹಿಂದಿನ ದಿನ ಹವಾಮಾನ ನೋಡುವಾಗ ಅದನ್ನೂ ನೋಡಬೇಕು. ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯುವಂತಿಲ್ಲ.

ಸಹಾಯ ಎಷ್ಟು ದೂರ?

ನೀರಿನಲ್ಲಿ ಮುಳುಗಿ ಉಸಿರು ನಿಂತವರಿಗೆ ನಾಲ್ಕರಿಂದ ಆರು ನಿಮಿಷದಲ್ಲಿ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಓಂ ಬೀಚ್‌ನಿಂದ ಹಾಫ್‌ಮೂನ್‌ಗೆ ನಡೆಯುವ ದಾರಿಯೇ 20-30 ನಿಮಿಷ, ಪ್ಯಾರಡೈಸ್‌ಗೆ ಅದರ ಎರಡು ಪಟ್ಟು. ಓಡಿ ಬಂದರೂ, ದೋಣಿ ತಂದರೂ, ಆರು ನಿಮಿಷದೊಳಗೆ ಹೊರಗಿನವರು ಮುಟ್ಟುವುದು ಕಷ್ಟ. ಮೊಬೈಲ್ ನೆಟ್‌ವರ್ಕ್ ಗುಡ್ಡದ ಮರೆಯಲ್ಲಿ ಕೈ ಕೊಡಬಹುದು. ಆಂಬುಲೆನ್ಸ್ ಬೀಚ್‌ವರೆಗೆ ಬರಲು ರಸ್ತೆಯೇ ಇಲ್ಲ.

ಲೈಫ್‌ಗಾರ್ಡ್‌ಗಳು ಇರುವುದು ಜನ ಸೇರುವ ಬೀಚ್‌ಗಳಲ್ಲಿ, ಅದೂ ಹಗಲು ಹೊತ್ತು. ಹೊನ್ನಾವರದ ಕಾಸರಕೋಡು ಇಕೋ ಬೀಚ್ ಇದಕ್ಕೆ ಒಳ್ಳೆಯ ಉದಾಹರಣೆ. 2020ರಲ್ಲಿ ಅದಕ್ಕೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಇಂಥ ಕಡೆ ಈಜಲು ಜಾಗ ಗುರುತು ಮಾಡಿರಬೇಕು, ಕಾವಲಿಗೆ ಜನ ಇರಬೇಕು ಅನ್ನೋದು ನಿಯಮ. ಮಕ್ಕಳು ನೀರಲ್ಲಿ ಆಡಲೇಬೇಕು ಅಂದರೆ ಇಂಥ ಕಡೆಗೇ ಕರೆದುಕೊಂಡು ಹೋಗಬೇಕು. ಹಾಫ್‌ಮೂನ್, ಪ್ಯಾರಡೈಸ್‌ಗೆ ಹೋಗಲೇಬಾರದು ಅಂತಲ್ಲ. ನಡೆಯಿರಿ, ಕೂರಿ, ಸೂರ್ಯ ಮುಳುಗುವ ಮೊದಲೇ ಹೊರಟು ಬನ್ನಿ. ನೀರಿಗೆ ಮಾತ್ರ ಕಣಕಾಲಿನಷ್ಟೇ ಇಳಿಯಿರಿ.

ಸೆಳವಿಗೆ ಸಿಕ್ಕರೆ

1. ದಂಡೆಯ ಕಡೆ ಎದುರು ಈಜಬೇಡಿ. ಬಾವಿ ಈಜು ಕಲಿತವರು ಮಾಡುವ ಮೊದಲ ತಪ್ಪು ಇದೇ.
2. ಅಂಗಾತ ಮಲಗಿ ತೇಲಿ. ಮುಖ ಮೇಲಿರಲಿ, ಉಸಿರು ಹಿಡಿತಕ್ಕೆ ಬರಲಿ.
3. ಒಂದು ಕೈ ಎತ್ತಿ ಬೀಸಿ, ಕೂಗಿ.
4. ಈಜುವ ಶಕ್ತಿ ಇದ್ದರೆ ದಂಡೆಗೆ ಸಮನಾಗಿ, ಅಡ್ಡಕ್ಕೆ ಈಜಿ. ಕಂಡಿ ಅಗಲ ಇರುವುದಿಲ್ಲ, ಅದರಿಂದ ಪಕ್ಕಕ್ಕೆ ಸರಿದರೆ ಸಾಕು. ಕಲ್ಲಿನ ಪಕ್ಕ ಇದ್ದರೆ ಕಲ್ಲಿನಿಂದ ದೂರ, ಬೀಚ್‌ನ ನಡುವಿನ ಕಡೆಗೆ.
5. ನೊರೆ ಇರುವ ಕಡೆ ಬಂದ ಮೇಲೆ ಅಲೆಗಳ ಜೊತೆ ಓರೆಯಾಗಿ ದಂಡೆಗೆ ಬನ್ನಿ.
6. ಈಜಲು ಆಗದಿದ್ದರೆ ಸುಮ್ಮನೆ ತೇಲುತ್ತಾ ಇರಿ. ಅಲೆ ಒಡೆಯುವ ಸಾಲು ದಾಟಿದ ಮೇಲೆ ಸೆಳವಿನ ಜೋರು ಕಡಿಮೆಯಾಗುತ್ತದೆ.

ಬೇರೆಯವರು ಸಿಕ್ಕರೆ

ಮುಳುಗುವವರು ಸಿನಿಮಾದಲ್ಲಿ ತೋರಿಸಿದ ಹಾಗೆ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮುಳುಗುತ್ತಾ ಏಳುತ್ತಾ ಇರುತ್ತದೆ, ಕೂಗಲು ಉಸಿರೇ ಇರುವುದಿಲ್ಲ. ಪಕ್ಕದಲ್ಲಿದ್ದವರಿಗೂ ಆಟ ಆಡ್ತಿದಾರೆ ಅಂತಲೇ ಅನಿಸುತ್ತದೆ. ಅದಕ್ಕೇ ಒಬ್ಬ ದೊಡ್ಡವರು ನೀರಿಗೆ ಇಳಿಯದೇ, ಮೊಬೈಲ್ ನೋಡದೇ, ಮಕ್ಕಳನ್ನು ಎಣಿಸುತ್ತಾ ದಂಡೆಯಲ್ಲೇ ನಿಲ್ಲಬೇಕು.

ಯಾರಾದರೂ ಸಿಕ್ಕಿಕೊಂಡರೆ ಹಿಂದೆಯೇ ಜಿಗಿಯಬಾರದು. ಅಣ್ಣನ ಹಿಂದೆ ತಮ್ಮ, ಮಗನ ಹಿಂದೆ ಅಪ್ಪ ಹೋಗಿ ಒಂದು ಸಾವು ಎರಡಾಗುವುದು ಹೀಗೇ. ಮೊದಲು ಕೂಗಿ ಜನ ಸೇರಿಸಿ. ತೇಲುವ ವಸ್ತು ಎಸೆಯಿರಿ: ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್, ಗಾಳಿ ತುಂಬಿದ ಟ್ಯೂಬ್, ದೊಡ್ಡ ಚೆಂಡು, ಹಗ್ಗ. 112ಕ್ಕೆ ಕರೆ ಮಾಡಿ. ಕರಾವಳಿ ಕಾವಲು ಪೊಲೀಸ್ ಸಹಾಯವಾಣಿ 1093, ಕೋಸ್ಟ್ ಗಾರ್ಡ್ 1554, ಆಂಬುಲೆನ್ಸ್ 108.

ಹೊರಗೆ ತಂದ ಮೇಲೆ ಹಳ್ಳಿಗಳಲ್ಲಿ ಮಾಡುವ ಒಂದು ರೂಢಿ ಬಿಡಬೇಕು. ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗೆ ಮಾಡುವುದು, ತಿರುಗಿಸುವುದು ಬೇಡ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಿ ಇದ್ದ ಉಸಿರೂ ಹೋಗಬಹುದು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಉಸಿರು ಇಲ್ಲದಿದ್ದರೆ ಗಲ್ಲ ಮೇಲೆತ್ತಿ, ಮೂಗು ಮುಚ್ಚಿ, ಮೊದಲು ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಿ. ಆಮೇಲೆ ಎದೆಯ ನಡುವೆ 30 ಸಲ ಜೋರಾಗಿ ಒತ್ತಿ, 2 ಸಲ ಉಸಿರು. ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. ಆಸ್ಪತ್ರೆಯವರು ಬರುವವರೆಗೆ ನಿಲ್ಲಿಸಬಾರದು. ಎದ್ದು ಕೂತು ಮಾತಾಡಿದರೂ ಕೆಮ್ಮು, ಉಬ್ಬಸ ಇದ್ದರೆ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಗಾಡಿ ಹತ್ತುವ ಮೊದಲು

ಟ್ರಿಪ್ ಒಯ್ಯುವ ಶಿಕ್ಷಕರು, ಗಾಡಿ ಮಾಲೀಕರು, ಮನೆ ಹಿರಿಯರು ಈ ಐದು ಮಾತನ್ನು ಊರಲ್ಲೇ ತೀರ್ಮಾನ ಮಾಡಿಕೊಂಡು ಹೊರಟರೆ ಒಳ್ಳೆಯದು. ದಂಡೆಗೆ ಹೋದ ಮೇಲೆ ಮಕ್ಕಳ ಹಠದ ಎದುರು ಯಾರ ಮಾತೂ ನಡೆಯುವುದಿಲ್ಲ.

- ಯಾವ ಬೀಚ್‌ನಲ್ಲಿ ನೀರಿಗೆ ಇಳಿಯುವುದು, ಯಾವುದರಲ್ಲಿ ಬರೀ ನೋಡುವುದು ಅಂತ ಮೊದಲೇ ಹೇಳಿ. ಲೈಫ್‌ಗಾರ್ಡ್ ಇಲ್ಲದ ಕಡೆ ಇಳಿಯುವುದಿಲ್ಲ ಅನ್ನೋದೇ ನಿಯಮ.
- ದಂಡೆ ಕಾಯುವವರು ಯಾರು ಅಂತ ಹೆಸರು ಹಚ್ಚಿ. ಶಾಲೆ ಟ್ರಿಪ್ ಆದರೆ ಒಬ್ಬರು ಸಾಲದು.
- ಗಾಡಿಯಲ್ಲಿ ಉದ್ದ ಹಗ್ಗ, ಒಂದೆರಡು ಟ್ಯೂಬ್, ಖಾಲಿ ಕ್ಯಾನ್ ಇರಲಿ. ಬಾಡಿಗೆಗೆ ಬಿಡುವವರಿಗೆ ಇದು ದೊಡ್ಡ ಖರ್ಚಲ್ಲ.
- ಕುಡಿದವರು ನೀರಿಗಿಲ್ಲ. ರಾತ್ರಿ ಪೂರ್ತಿ ಗಾಡಿ ಓಡಿಸಿದ ಡ್ರೈವರ್ ಕೂಡ ನಿದ್ದೆ ಮಾಡದೇ ನೀರಿಗೆ ಇಳಿಯಬಾರದು.
- ಅಲ್ಲಿ ಮುಟ್ಟಿದ ಮೇಲೆ ಸ್ಥಳೀಯ ಮೀನುಗಾರರನ್ನೋ ಅಂಗಡಿಯವರನ್ನೋ ಕೇಳಿ: ಇವತ್ತು ನೀರು ಹೇಗಿದೆ, ಸೆಳವು ಯಾವ ಕಡೆ ಇದೆ? ಅವರು ಬೇಡ ಅಂದರೆ ಬೇಡ.

ಊರಿನ ಬಾವಿಯಲ್ಲಿ ಈಜುವವರು ಆ ಈಜನ್ನು ಊರಿನ ಬಾವಿಗೇ ಇಟ್ಟುಕೊಳ್ಳಲಿ. ಗೋಕರ್ಣದ ಗುಡ್ಡದ ಮೇಲೆ ನಿಂತು ಹತ್ತು ನಿಮಿಷ ನೀರು ನೋಡಿ, ಒಡ್ಡು ಎಲ್ಲಿ ಒಡೆದಿದೆ ಅಂತ ಹುಡುಕಿ. ಅದು ಕಂಡರೆ ಆ ಕಡೆ ಹೋಗಬೇಡಿ. ಕಾಣದಿದ್ದರೆ ನೀರಿಗೇ ಇಳಿಯಬೇಡಿ.